ವಾಚು ಅಪ್ಪನದು, ಡಯಲ್ ಯಾರದು?

ತುಮಕೂರಿನ ಒಬ್ಬ ನಿವೃತ್ತ ಬಸ್ ಡ್ರೈವರು. ಹೆಸರು ಬೇಡ, ಆತ ಪೇಪರಿಗೆ ಬರುವ ಆಸಾಮಿಯಲ್ಲ. 1981ರಲ್ಲಿ ಮದುವೆಯಾದಾಗ ಮಾವನ ಮನೆಯವರು ಕೈಗೆ ಕಟ್ಟಿದ್ದು ಎಚ್.ಎಂ.ಟಿ. ಜನತಾ ವಾಚು. ಬಿಳಿ ಮುಖ, ಕಪ್ಪು ಅಕ್ಷರ, ದಿನಕ್ಕೊಂದು ಸಲ ಕೀ. ಸ್ಟೇರಿಂಗಿನ ಮೇಲೆ ಮೂವತ್ತು ಚಿಲ್ಲರೆ ವರ್ಷ ಕೂತ ವಾಚು ಅದು. ಒಂದು ಮಳೆಗಾಲದಲ್ಲಿ ನೀರು ಒಳಗೆ ಇಳಿದು ನಾಲ್ಕರ ಅಂಕಿಯ ಪಕ್ಕ ಕಾಫಿ ಚೆಲ್ಲಿದ ಹಾಗೆ ಒಂದು ಕಲೆ ಉಳಿದಿತ್ತು. ಡಿಪೋದಲ್ಲಿ ಹತ್ತು ಜನ ವಾಚು ಬಿಚ್ಚಿಟ್ಟು ಕೈಕಾಲು ತೊಳೆಯುವಾಗ ತನ್ನದನ್ನು ಆತ ಗುರುತು ಹಿಡಿಯುತ್ತಿದ್ದುದೇ ಆ ಕಲೆಯಿಂದ.

ವಾಚು ನಿಂತಿತು. ಮಗ ಬೆಂಗಳೂರಿನಲ್ಲಿ ಕೆಲಸ ಮಾಡುವವನು, ಅಪ್ಪನಿಗೆ ಖುಷಿಯಾಗಲಿ ಅಂತ ಒಂದು ರಿಪೇರಿ ಅಂಗಡಿಗೆ ಕೊಟ್ಟ. "ಹೊಸದರ ಥರಾ ಮಾಡ್ಕೊಡ್ಲಾ ಅಣ್ಣ?" ಅಂದರು ಅಂಗಡಿಯವರು. "ಹೂಂ, ಚೆನ್ನಾಗಿ ಮಾಡಿ" ಅಂದ ಮಗ. ವಾರ ಬಿಟ್ಟು ಬಂದ ವಾಚು ಥಳಥಳ ಹೊಳೆಯುತ್ತಿತ್ತು. ಅಪ್ಪ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ, ಕನ್ನಡಕ ಸರಿಮಾಡಿಕೊಂಡು, "ಇದು ನಂದಲ್ಲ ಕಣೋ, ಯಾರದ್ದೋ ತಂದಿದೀಯ" ಅಂದರು. ಬಿಳಿ ಮುಖ ಹೋಗಿ ಕಪ್ಪು ಮುಖ ಬಂದಿತ್ತು. 'ಜನತಾ' ಎಂದಿದ್ದ ಜಾಗದಲ್ಲಿ 'ಪೈಲಟ್' ಎಂದು ಬರೆದಿತ್ತು.

ಮಗ ಅಂಗಡಿಗೆ ಓಡಿದರೆ ಅಂಗಡಿಯವರಿಗೇ ಆಶ್ಚರ್ಯ. "ಒಳ್ಳೇದೇ ಮಾಡಿದ್ದೀನಲ್ಲ ಸಾರ್. ಜನತಾಕ್ಕಿಂತ ಪೈಲಟ್‌ಗೆ ರೇಟು ಜಾಸ್ತಿ. ಮಾರಿದರೆ ನಿಮಗೇ ಲಾಭ." ಹಳೇ ಡಯಲ್ ಎಲ್ಲಿ ಎಂದರೆ, ಮುಂಬೈಗೆ ಹೋದ ಪಾರ್ಸಲ್ಲಿನಲ್ಲಿ ಅದೂ ಹೋಯಿತು. ಅಲ್ಲಿ ಅದನ್ನು ಉಜ್ಜಿ, ಬಣ್ಣ ಹೊಡೆದು, ಇನ್ನೊಬ್ಬರ ಅಪ್ಪನ ವಾಚಿಗೆ ಕೂರಿಸುತ್ತಾರೆ.

ಇದರಲ್ಲಿ ಕಳ್ಳ ಯಾರು? ಅಂಗಡಿಯವರು ಮೋಸ ಮಾಡಬೇಕೆಂದು ಮಾಡಿದ್ದಲ್ಲ. ಮಗ ಬೇಡವೆನ್ನಲಿಲ್ಲ. ವಾಚು ಓಡುತ್ತಿದೆ, ಟೈಮೂ ಸರಿ ತೋರಿಸುತ್ತಿದೆ. ಆದರೂ ಒಂದು ಮನೆಯ ಒಡವೆ ಕಳೆದುಹೋಯಿತು, ಅದೂ ಕಾಸು ಕೊಟ್ಟು. ಹಳೇ ವಾಚಿನ ವ್ಯಾಪಾರ ಈಗ ಶೋಕಿಯೂ ಹೌದು, ಸಂಪಾದನೆಯೂ ಹೌದು. ಅದರ ನಡುವೆ ಈ ತರಹದ 'ಒಳ್ಳೇದು ಮಾಡುವ' ಕೆಲಸ ದಿನಾ ನಡೆಯುತ್ತಿದೆ. ಇದಕ್ಕೊಂದು ಕಟ್ಟುಪಾಡು ಬೇಡವೇ?

ಬೇರೆ ಜಿಲ್ಲೆಯವರು ಸುಮ್ಮನಿರಬಹುದು, ತುಮಕೂರಿನವರು ಸುಮ್ಮನಿರುವ ಹಾಗಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ವಾಚು ಕಾರ್ಖಾನೆ ಶುರುವಾಯಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ಜವಾಹರಲಾಲ್ ನೆಹರೂ. ಆಮೇಲೆ ಶ್ರೀನಗರ, 1978ರಲ್ಲಿ ತುಮಕೂರು, ನಂತರ ಉತ್ತರದ ರಾಣಿಬಾಗ್ ಅಂತ ಕಾರ್ಖಾನೆ ಬೆಳೆದವು. ಜನತಾ, ಪೈಲಟ್, ಜವಾನ್, ಸೋನಾ, ಕೋಹಿನೂರ್, ಕಾಂಚನ್ ಎಂಬ ಹೆಸರು ಗೊತ್ತಿಲ್ಲದ ಮನೆಯೇ ಇರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದರೆ ವಾಚು, ಮದುವೆಗೆ ವಾಚು, ರಿಟೈರಾದರೆ ವಾಚು. 1980ರ ದಶಕದ ಕೊನೆಗೆ ಪಕ್ಕದ ಹೊಸೂರಿನಿಂದ ಟೈಟಾನ್‌ನ ಸೆಲ್ ವಾಚುಗಳು ಬಂದವು. ಕೀ ಕೊಡುವ ವಾಚಿಗೆ ಇಳಿಗಾಲ ಶುರುವಾಯಿತು. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು. ವಾಚು ಮಾಡುತ್ತಿದ್ದ ನೆಲದಲ್ಲಿ ಈಗ ಆಕಾಶದ ಕೆಲಸ. ಒಳ್ಳೆಯದೇ.

ಕಾರ್ಖಾನೆ ಮುಚ್ಚಿದ ಮೇಲೆ ವಾಚಿನ ಮೋಹ ಹೆಚ್ಚಿತು. ಇದೂ ಮನುಷ್ಯರ ಸ್ವಭಾವವೇ, ಹೋದ ಮೇಲೆ ಬೆಲೆ. ಬೀರುವಿನ ಮೂಲೆಯಲ್ಲಿ ಬಿದ್ದಿದ್ದ ಅಜ್ಜನ ವಾಚಿಗೆ ಗಿರಾಕಿ ಹುಟ್ಟಿಕೊಂಡರು. ಆದರೆ ಬಿಡಿಭಾಗ? ಕಂಪನಿಯೇ ಮುಚ್ಚಿದ ಮೇಲೆ ಹೊಸ ಬಿಡಿಭಾಗ ಎಲ್ಲಿಂದ ಬರಬೇಕು? ಅಂಗಡಿಗಳ ಹಳೇ ದಾಸ್ತಾನು ಇದ್ದಷ್ಟು ದಿನ ಇತ್ತು. ಅದು ಬಿಟ್ಟರೆ ಸತ್ತ ವಾಚನ್ನು ಬಿಚ್ಚಿ ಬದುಕಿರುವ ವಾಚಿಗೆ ಹಾಕುವುದೊಂದೇ ದಾರಿ. ರಿಪೇರಿಯವರ ಮೇಜಿನ ಮೇಲಿರುವ ಹಳೇ ಬಿಸ್ಕತ್ತಿನ ಡಬ್ಬಿ ತೆಗೆದು ನೋಡಿದರೆ ಗೊತ್ತಾಗುತ್ತದೆ. ಚಕ್ರ, ಸ್ಕ್ರೂ, ಮುಳ್ಳು, ಅರ್ಧ ಬಿಚ್ಚಿದ ಮಿಷಿನ್ನು. ಒಂದು ವಾಚು ಸತ್ತು ಮೂರಕ್ಕೆ ಜೀವ ಕೊಡುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ತಪ್ಪು ಎಂದು ಹೇಳುವವರು ಕೆಟ್ಟ ವಾಚನ್ನು ಕೆಟ್ಟ ಹಾಗೇ ಇಟ್ಟುಕೊಂಡು ಪೂಜೆ ಮಾಡಲಿ.

ಯಾವುದನ್ನು ಬದಲಾಯಿಸಬಹುದು, ಯಾವುದನ್ನು ಮುಟ್ಟಬಾರದು ಅನ್ನುವ ವಿವೇಕ ಊರಿನ ರೈತನಿಗೆ ಮೊದಲಿನಿಂದಲೂ ಇದೆ. ನೇಗಿಲಿನ ಗುಳ ಸವೆದರೆ ಕಮ್ಮಾರನ ಹತ್ತಿರ ಹೋಗಿ ಹೊಸ ಗುಳ ಹಾಕಿಸುತ್ತಾನೆ. ಅದು ಅದೇ ನೇಗಿಲು. ತೇರಿನ ಗಾಲಿ ಬಿರುಕು ಬಿಟ್ಟರೆ ಹೊಸ ಗಾಲಿ, ಅದು ಅದೇ ತೇರು. ವಾಚಿನಲ್ಲೂ ಹಾಗೇ. ಮುಖ್ಯ ಸ್ಪ್ರಿಂಗು ಮುರಿಯುವುದಕ್ಕೇ ಇರುವುದು. ಗ್ಲಾಸು ಗೀರು ಬೀಳುವುದಕ್ಕೇ ಇರುವುದು, ಅದರಲ್ಲೂ ಆ ಕಾಲದ ಪ್ಲಾಸ್ಟಿಕ್ ಗ್ಲಾಸು. ಕೀ ಕೊಡುವ ಗುಂಡಿಯ ಹಲ್ಲು ಸವೆಯುತ್ತದೆ. ಒಳಗಿನ ರಬ್ಬರು ಒಣಗುತ್ತದೆ. ಬೆಲ್ಟಂತೂ ಚಪ್ಪಲಿ ಇದ್ದ ಹಾಗೆ. ಎಣ್ಣೆ ಗಟ್ಟಿಯಾಗುತ್ತದೆ, ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಹಾಕದಿದ್ದರೆ ಚಕ್ರದ ತುದಿಗಳು ಸವೆದು ಹೋಗುತ್ತವೆ. ವಾಚು ಕೆಳಗೆ ಬಿದ್ದರೆ ಬ್ಯಾಲೆನ್ಸ್ ಚಕ್ರದ ಕಡ್ಡಿ ಮುರಿಯುತ್ತದೆ, ಬೇರೆ ಹಾಕಲೇಬೇಕು. ಇವನ್ನು ಬದಲಾಯಿಸಿದ್ದಕ್ಕೆ ವಾಚು ನಕಲಿಯಾಯಿತು ಎನ್ನುವುದು, ಹಲ್ಲು ಕಟ್ಟಿಸಿಕೊಂಡ ಅಜ್ಜಿ ಅಜ್ಜಿಯೇ ಅಲ್ಲ ಎಂದ ಹಾಗೆ.

ಡಯಲ್ ಮಾತು ಬೇರೆ. ಅದು ವಾಚಿನ ಮುಖ. ಮುಳ್ಳು, ಕೇಸು, ಹಿಂಬದಿ ಮುಚ್ಚಳ ಇವೂ ಅದೇ ಸಾಲಿಗೆ ಸೇರುತ್ತವೆ. ಮುಚ್ಚಳದ ಮೇಲೆ ಕೆತ್ತಿಸಿದ ಹೆಸರು, ತಾರೀಖು ಇದ್ದರಂತೂ ಅದನ್ನು ಪಾಲಿಶ್ ಯಂತ್ರಕ್ಕೆ ಹಿಡಿಯುವುದು ಕಲ್ಲಿನ ಶಾಸನವನ್ನು ಉಳಿಯಲ್ಲಿ ಒರೆಸಿದ ಹಾಗೆ. ಹಳೇ ಡಯಲ್‌ಗೆ ಬಣ್ಣ ಹೊಡೆಯುವುದು ಹೇಗೆಂದು ಬಹಳ ಜನಕ್ಕೆ ಗೊತ್ತಿಲ್ಲ. ಮೇಲೆ ಒಂದು ಪದರ ಬಳಿಯುತ್ತಾರೆ ಎಂದುಕೊಂಡಿದ್ದಾರೆ. ಹಾಗಲ್ಲ. ಮೊದಲು ಇದ್ದ ಬಣ್ಣ, ಇದ್ದ ಅಕ್ಷರ ಎಲ್ಲವನ್ನೂ ಉಜ್ಜಿ ಲೋಹದ ತಗಡು ಕಾಣುವವರೆಗೆ ತೆಗೆಯುತ್ತಾರೆ. ಆಮೇಲೆ ಹೊಸ ಬಣ್ಣ, ಹೊಸ ಅಕ್ಷರ. ಒಮ್ಮೆ ಉಜ್ಜಿದ ಮೇಲೆ ಕಾರ್ಖಾನೆಯ ಮುದ್ರಣ ಈ ಜನ್ಮದಲ್ಲಿ ವಾಪಸ್ ಬರುವುದಿಲ್ಲ. ಸ್ಪ್ರಿಂಗು ಹಾಕಿದ್ದು ತಪ್ಪಾದರೆ ಇನ್ನೊಂದು ಹಾಕಬಹುದು, ಗ್ಲಾಸು ಸರಿಹೋಗದಿದ್ದರೆ ಕಿತ್ತು ಬೇರೆ ಕೂರಿಸಬಹುದು. ಇದಕ್ಕೆ ಮದ್ದಿಲ್ಲ.

ಹೀಗೆ ಬಣ್ಣ ಹೊಡೆದ ವಾಚುಗಳಿಗೆ ಹೊರದೇಶದ ಸಂಗ್ರಹಕಾರರು 'ಮುಂಬೈ ಸ್ಪೆಷಲ್' ಅಂತ ಹೆಸರಿಟ್ಟಿದ್ದಾರೆ. ಇದು ಹೊಗಳಿಕೆಯಲ್ಲ. ಹಿಂದಿನ ಕಾಲದಲ್ಲಿ ಬೊಂಬಾಯಿಗೆ ವಾಚಿನ ವ್ಯಾಪಾರದಲ್ಲಿ ದೊಡ್ಡ ಹೆಸರಿತ್ತು. ಫೇವರ್ ಲೂಬಾ, ವೆಸ್ಟ್ ಎಂಡ್ ಮುಂತಾದ ಸ್ವಿಸ್ ವಾಚುಗಳು ಇಡೀ ದೇಶಕ್ಕೆ ಹಂಚಿಕೆಯಾದದ್ದು ಅಲ್ಲಿಂದ. ರೈಲ್ವೆಯವರ ಕೈಯಲ್ಲಿ, ಸಿಪಾಯಿಗಳ ಕೈಯಲ್ಲಿ ಇದ್ದದ್ದು ಅವೇ. ಇವತ್ತು ಅದೇ ಊರಿನ ಹೆಸರು ಬಣ್ಣ ಬಳಿದ ಡಯಲ್‌ಗೆ ಅಂಟಿಕೊಂಡಿದೆ. ಒಂದು ಊರಿನ ಹೆಸರು ಕೆಡುವುದಕ್ಕೆ ನಾಲ್ಕು ಜನ ಸಾಕು. ನಾಳೆ 'ತುಮಕೂರು ಸ್ಪೆಷಲ್' ಅಂತ ಯಾರಾದರೂ ಹೆಸರಿಟ್ಟರೆ ಏನು ಗತಿ?

ಕೊಳ್ಳುವವರು ಕಣ್ಣು ತೆರೆದು ನೋಡಿದರೆ ಅರ್ಧ ಮೋಸ ಅಲ್ಲೇ ನಿಲ್ಲುತ್ತದೆ. ಕಾರ್ಖಾನೆಯ ಅಕ್ಷರ ಕೂದಲೆಳೆಯ ಹಾಗೆ ಸಣ್ಣಗೆ, ಅಂಚು ಚೂಪಾಗಿ ಇರುತ್ತದೆ. ಹೊಸದಾಗಿ ಹೊಡೆದದ್ದು ದಪ್ಪ, ಮಸೂರದಲ್ಲಿ ನೋಡಿದರೆ ಶಾಯಿ ಹರಡಿದ ಹಾಗೆ ಕಾಣುತ್ತದೆ. ನಿಮಿಷದ ಗೆರೆಗಳು ಅಂಕಿಯ ನೇರಕ್ಕೆ ಬರದೆ ಆಚೀಚೆ ಆಗಿರುತ್ತವೆ. ಆರರ ಅಂಕಿಯ ಅಡಿಯಲ್ಲಿ ಇರಬೇಕಾದ ಪುಟ್ಟ ಅಕ್ಷರಗಳು ಮಾಯವಾಗಿರುತ್ತವೆ, ಇಲ್ಲವೇ ಕಾಗುಣಿತ ತಪ್ಪಿರುತ್ತವೆ. ಡಯಲಿನ ಅಂಚಿನಲ್ಲಿ ಅರದಿಂದ ಕಚ್ಚು ಹಾಕಿದ ಗುರುತು ಇದ್ದರೆ ಅದು ಬಣ್ಣ ಹೊಡೆಯುವವನು ನೇರ ಹಿಡಿಯಲು ಮಾಡಿಕೊಂಡದ್ದು. ಇನ್ನೊಂದು ಮುಖ್ಯವಾದದ್ದು ಡಯಲಿನ ಹಿಂದಿನ ಎರಡು ಪುಟ್ಟ ಕಾಲುಗಳು. ಮಿಷಿನ್ನಿನ ತೂತಿಗೆ ಅವು ಕೂರಬೇಕು. ಬೇರೆ ವಾಚಿನ ಡಯಲ್ ತಂದು ಹಾಕುವವರು ಕಾಲು ಕತ್ತರಿಸಿ ಅಂಟು ಹಾಕಿ ಅಂಟಿಸಿಬಿಡುತ್ತಾರೆ. ಮುಚ್ಚಳ ಬಿಚ್ಚಿ ತೋರಿಸಿ ಎಂದರೆ ಸಿಟ್ಟಾಗುವ ಅಂಗಡಿಯಲ್ಲಿ ವ್ಯಾಪಾರ ಮಾಡದಿರುವುದೇ ಲೇಸು.

ಇನ್ನು ರೇಡಿಯಂ ವಿಷಯ. ಊರಲ್ಲಿ ಹೊಳೆಯುವುದಕ್ಕೆಲ್ಲ ರೇಡಿಯಂ ಅಂತಲೇ ಹೆಸರು. ಬೈಕಿನ ನಂಬರ್ ಪ್ಲೇಟಿಗೆ ಸ್ಟಿಕ್ಕರ್ ಅಂಟಿಸುವ ಅಂಗಡಿಗೂ 'ರೇಡಿಯಂ ಕಟಿಂಗ್' ಎಂದು ಬೋರ್ಡು. ಆ ಸ್ಟಿಕ್ಕರಿನಲ್ಲಿ ರೇಡಿಯಂ ಇಲ್ಲ, ಭಯ ಬೇಡ. ಆದರೆ 1960ಕ್ಕಿಂತ ಹಿಂದಿನ, ಕತ್ತಲಲ್ಲಿ ಹೊಳೆಯುತ್ತಿದ್ದ ಬಹಳಷ್ಟು ಸ್ವಿಸ್ ವಾಚುಗಳಲ್ಲಿ ನಿಜವಾದ ರೇಡಿಯಂ ಇತ್ತು. ಹೊಳಪು ಎಂದೋ ಆರಿಹೋಗಿದೆ, ವಿಕಿರಣ ಆರಿಲ್ಲ. ರೇಡಿಯಂ ಅರ್ಧಕ್ಕೆ ಇಳಿಯಬೇಕಾದರೆ ಸುಮಾರು 1600 ವರ್ಷ ಬೇಕು. ಬಾಯಲ್ಲಿ ಕುಂಚದ ತುದಿ ಚೂಪು ಮಾಡಿಕೊಂಡು ಡಯಲ್‌ಗೆ ರೇಡಿಯಂ ಬಳಿದ ಅಮೆರಿಕದ ಹೆಣ್ಣುಮಕ್ಕಳು 1920ರ ದಶಕದಲ್ಲಿ ದವಡೆ ಕೊಳೆತು ಸತ್ತರು. ಅಂಥ ಡಯಲನ್ನು ಕಿಟಕಿ ಇಲ್ಲದ ನಾಲ್ಕಡಿ ಪೆಟ್ಟಿಗೆ ಅಂಗಡಿಯಲ್ಲಿ ಕೂತು ಒಣಗಿದ ಬ್ಲೇಡಿನಲ್ಲಿ ಕೆರೆದರೆ ಆ ಪುಡಿ ಹೋಗುವುದು ಕೆರೆಯುವವನ ಎದೆಗೇ. ಗಿರಾಕಿಗೆ ಹೊಸ ಮುಖ ಬೇಕೆಂಬ ಹಟಕ್ಕೆ ರಿಪೇರಿಯವನ ಶ್ವಾಸಕೋಶ ಬಲಿಯಾಗಬೇಕೆ?

ಮಾರುವವರ ಬಾಯಲ್ಲಿ ಒಂದು ಮಾತು ಸದಾ ಇರುತ್ತದೆ. "ಎಲ್ಲಾ ಒರಿಜಿನಲ್ ಪಾರ್ಟ್ಸೇ ಸಾರ್, ಡೂಪ್ಲಿಕೇಟ್ ಒಂದೂ ಇಲ್ಲ." ಬಹಳ ಸಲ ಇದು ನಿಜವೂ ಆಗಿರುತ್ತದೆ. ಕೇಸು ಒರಿಜಿನಲ್, ಒಂದು ವಾಚಿನದು. ಮಿಷಿನ್ನು ಒರಿಜಿನಲ್, ಇನ್ನೊಂದರದು. ಮುಳ್ಳು ಒರಿಜಿನಲ್, ಮೂರನೆಯದರದು. ಒಟ್ಟು ಸೇರಿದ್ದು ಮಾತ್ರ ಯಾವ ಕಾರ್ಖಾನೆಯಿಂದಲೂ ಹೊರಗೆ ಬಂದಿರದ ವಾಚು. ಪ್ರತಿ ಭಾಗವೂ ಸತ್ಯ, ಇಡೀ ವಾಚು ಸುಳ್ಳು.

ಇದು ಬಡ ಅಂಗಡಿಗಳ ಕಥೆ ಮಾತ್ರ ಎಂದು ಮೂಗು ಮುರಿಯುವವರು ಸ್ವಿಟ್ಜರ್ಲೆಂಡಿನ ಕಡೆ ನೋಡಲಿ. 2021ರ ನವೆಂಬರಿನಲ್ಲಿ ಜಿನೀವಾದಲ್ಲಿ 1957ರ ಒಂದು ಓಮೆಗಾ ಸ್ಪೀಡ್‌ಮಾಸ್ಟರ್ ಹರಾಜಾಯಿತು. ಕಪ್ಪು ಡಯಲ್ ಕಾಲಕ್ರಮೇಣ ಕಂದಿ ಕಂದುಬಣ್ಣಕ್ಕೆ ತಿರುಗಿದ ಅಪರೂಪದ ಮಾಲು ಎಂದು ಸುಮಾರು 31 ಲಕ್ಷ ಸ್ವಿಸ್ ಫ್ರಾಂಕಿಗೆ ಹೋಯಿತು. ಆಗಿನ ಲೆಕ್ಕದಲ್ಲಿ 25 ಕೋಟಿ ರೂಪಾಯಿ. ಕೊಂಡವರು ಯಾರು? ಓಮೆಗಾ ಕಂಪನಿಯೇ, ತನ್ನ ಮ್ಯೂಸಿಯಂಗೆ! 2023ರಲ್ಲಿ ಅದೇ ಕಂಪನಿ ತಲೆ ಮೇಲೆ ಕೈ ಹೊತ್ತುಕೊಂಡು ಹೇಳಿತು: ಆ ವಾಚು ಬೇರೆ ಬೇರೆ ಹಳೇ ಓಮೆಗಾಗಳ ಬಿಡಿಭಾಗ ಸೇರಿಸಿ ಕಟ್ಟಿದ್ದು, ಇದರಲ್ಲಿ ತನ್ನದೇ ಮಾಜಿ ನೌಕರರ ಕೈವಾಡವಿತ್ತು ಎಂದು. ಭಾಗಗಳು ಬಹುಪಾಲು ಅಸಲಿಯೇ. ವಾಚು ಮಾಡಿದ ಕಂಪನಿಗೇ ತನ್ನ ವಾಚಿನ ಗುರುತು ಸಿಗಲಿಲ್ಲ ಎಂದ ಮೇಲೆ ಸಂತೆಯಲ್ಲಿ ನಿಂತು ಸಾವಿರ ರೂಪಾಯಿ ಎಣಿಸುವ ಗಿರಾಕಿಯ ಪಾಡೇನು?

ಹಾಗಂತ ಇನ್ನೊಂದು ತುದಿಯ ಜನರನ್ನು ಒಪ್ಪಲು ಸಾಧ್ಯವಿಲ್ಲ. ಅವರ ಪ್ರಕಾರ ತುಕ್ಕು ಹಿಡಿದ ಸ್ಪ್ರಿಂಗೂ ಒರಿಜಿನಲ್ ಇರಬೇಕು, ಐದು ವರ್ಷ ಬೆವರು ಕುಡಿದ ಬೆಲ್ಟೂ ಒರಿಜಿನಲ್ ಇರಬೇಕು. ವಾಚು ಓಡದಿದ್ದರೂ ಪರವಾಗಿಲ್ಲ, ಡಬ್ಬಿ ಸಮೇತ ಇರಬೇಕು! ಎಚ್.ಎಂ.ಟಿ. ಜನತಾ ಮಾಡಿದ್ದು ಡಬ್ಬಿಯಲ್ಲಿಡುವುದಕ್ಕಲ್ಲ. ಬೆಳಿಗ್ಗೆ ಐದೂಮುಕ್ಕಾಲಿನ ಬಸ್ಸು ತಪ್ಪಬಾರದು ಅಂತ ಕೈಗೆ ಕಟ್ಟುವುದಕ್ಕೆ. ಅದು ಓಡಬೇಕು. ಓಡಬೇಕಾದರೆ ಬಿಚ್ಚಬೇಕು, ಬದಲಾಯಿಸಬೇಕು.

ತನ್ನ ವಾಚಿಗೆ ತನಗೆ ಬೇಕಾದ ಬಣ್ಣ ಹೊಡೆಸಿಕೊಳ್ಳುವುದೂ ಒಡೆಯನ ಇಷ್ಟ. ಒಬ್ಬರಿಗೆ ಹಳದಿಯಾದ ಡಯಲ್ ಕಂಡರೆ ಆಗುವುದಿಲ್ಲ, ಹೊಸದು ಹಾಕಿಸಿಕೊಳ್ಳುತ್ತಾರೆ. ಯಾರು ಕೇಳುವ ಹಾಗಿದೆ? ತಕರಾರು ಶುರುವಾಗುವುದು ಎರಡೇ ಕಡೆ. ಒಡೆಯನಿಗೆ ಬಾಯಿ ಬಿಟ್ಟು ಹೇಳದೆ ಬದಲಾಯಿಸಿದಾಗ ಮತ್ತು ಬದಲಾಯಿಸಿದ್ದನ್ನು ಮುಚ್ಚಿಟ್ಟು ಇನ್ನೊಬ್ಬರಿಗೆ ಮಾರಿದಾಗ.

ಬಸ್ಸಿನ ಡ್ರೈವರುಗಳನ್ನು ಕೇಳಿದರೆ ಇದಕ್ಕೆ ಪರಿಹಾರ ಅವರೇ ಹೇಳುತ್ತಾರೆ. ಗಾಡಿಯ ಇಂಜಿನ್ ಕೆಟ್ಟರೆ ಬೇರೆ ಇಂಜಿನ್ ಕೂರಿಸಬಹುದು, ಕಾನೂನು ಬೇಡವೆನ್ನುವುದಿಲ್ಲ. ಆದರೆ ಆರ್.ಟಿ.ಓ. ಆಫೀಸಿಗೆ ಹೋಗಿ ಆರ್.ಸಿ.ಯಲ್ಲಿ ಬರೆಸಬೇಕು. ಬರೆಸದೆ ಓಡಿಸಿದರೆ ತಪ್ಪು, ಬರೆಸಿದರೆ ಗಾಡಿ ಸಾಚಾ. ನಾಳೆ ಕೊಳ್ಳುವವನು ಆರ್.ಸಿ. ನೋಡಿ ಚೌಕಾಸಿ ಮಾಡಿಕೊಳ್ಳುತ್ತಾನೆ. ವಾಚಿಗೆ ಆರ್.ಸಿ. ಇಲ್ಲ, ನಿಜ. ಆದರೆ ಬಿಲ್ಲು ಇದೆಯಲ್ಲ? 'ಸರ್ವಿಸ್' ಎಂದು ಒಂದೇ ಪದ ಗೀಚಿ ಮೊತ್ತ ಬರೆಯುವ ಬದಲು, ಏನು ಹಾಕಿದೆ, ಅದು ಹೊಸದೋ ಹಳೇ ವಾಚಿನಿಂದ ಕಿತ್ತದ್ದೋ, ಡಯಲ್ ಮುಟ್ಟಿದ್ದೇವೋ ಇಲ್ಲವೋ ಎಂದು ಬರೆದುಕೊಡಲು ಎಷ್ಟು ಹೊತ್ತು ಬೇಕು? ಕಿತ್ತ ಭಾಗವನ್ನು ಪುಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗಿರಾಕಿಯ ಕೈಗೇ ಕೊಟ್ಟುಬಿಡಲಿ. ಟೈಲರು ಉಳಿದ ಬಟ್ಟೆ ಕೊಡುತ್ತಾನೆ, ಸೈಕಲ್ ಶಾಪಿನವನು ಹಳೇ ಟ್ಯೂಬ್ ಬೇಕಾ ಅಂತ ಕೇಳುತ್ತಾನೆ. ವಾಚಿನವರಿಗೇಕೆ ಸಂಕೋಚ?

ಕಾನೂನು ಇಲ್ಲ ಎಂದುಕೊಂಡವರೂ ಇದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಓದಲಿ. ಒಂದು ಮಾಡೆಲ್ಲಿನ ಮಾಲನ್ನು ಇನ್ನೊಂದು ಮಾಡೆಲ್ ಎಂದು ಸುಳ್ಳು ಹೇಳುವುದು, ದುರಸ್ತಿ ಮಾಡಿದ ಹಳೇ ಮಾಲನ್ನು ಹೊಸದು ಎನ್ನುವುದು, ಬಿಲ್ಲು ಕೊಡದೇ ಇರುವುದು ಎಲ್ಲವೂ ಅನುಚಿತ ವ್ಯಾಪಾರವೇ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ಬೇರೆ ಕಂಪನಿಯ ಹೆಸರನ್ನು ಅಪ್ಪಣೆ ಇಲ್ಲದೆ ಮಾಲಿನ ಮೇಲೆ ಅಚ್ಚು ಹಾಕಿ ಮಾರಿದರೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ಆದರೆ ಒಂದು ಜನತಾ ವಾಚಿಗೋಸ್ಕರ ಆಯೋಗದ ಮೆಟ್ಟಿಲು ಹತ್ತುವವರು ಯಾರು? ವಕೀಲರ ಫೀಸಿಗೆ ನಾಲ್ಕು ವಾಚು ಬರುತ್ತದೆ. ಆದ್ದರಿಂದ ಇದು ಅಂಗಡಿಯವರೇ ಕೂತು ಮಾಡಿಕೊಳ್ಳಬೇಕಾದ ಏರ್ಪಾಡು.

ರಿಪೇರಿಯವರ ಕಡೆಯ ಮಾತೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. "ನೂರು, ಇನ್ನೂರಕ್ಕೆ ಚೌಕಾಸಿ ಮಾಡೋ ಗಿರಾಕಿಗೆ ಪಟ್ಟಿ ಬರ್ಕೊಂಡ್ ಕೂತ್ರೆ ಹೊಟ್ಟೆಪಾಡು ಹೆಂಗೆ ಸಾ? ಹಳೇದು ಹಾಕಿದೀನಿ ಅಂತ ಬರೆದ್ರೆ ದುಡ್ಡು ಕೊಡಲ್ಲ ಅಂತಾರೆ." ಇದೂ ಸುಳ್ಳಲ್ಲ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಸೊಂಟ ಬಗ್ಗಿಸಿ ಕೂರುವ ಈ ಕಸುಬಿಗೆ ಮಕ್ಕಳು ಬರುತ್ತಿಲ್ಲ. ಮೊಬೈಲ್ ರಿಪೇರಿಗೆ ಬೇಕಾದಷ್ಟು ಹುಡುಗರಿದ್ದಾರೆ, ಹೇರ್ ಸ್ಪ್ರಿಂಗು ಬಿಡಿಸುವ ಕೈ ಊರಿಗೆ ಒಂದೋ ಎರಡೋ. ಹಾಗಿರುವಾಗ ಹಳೇ ಡಯಲನ್ನು ಉಳಿಸಿ, ಧೂಳು ಮಾತ್ರ ಊದಿ, ಒಳಗಿನ ಮಿಷಿನ್ನನ್ನು ಶುದ್ಧ ಮಾಡಿಕೊಟ್ಟವನಿಗೆ ಹೊಸ ಡಯಲ್ ಅಂಟಿಸಿದವನಿಗಿಂತ ಹೆಚ್ಚು ಕೂಲಿ ಸಿಗಬೇಕು. ಗಿರಾಕಿ ಕಾಣುವ ಹೊಳಪಿಗೆ ಕಾಸು ಬಿಚ್ಚುತ್ತಾನೆ, ಕಾಣದ ಕೆಲಸಕ್ಕೆ ಮೂಗು ಮುರಿಯುತ್ತಾನೆ. ಅಂಗಡಿಯವರು ಕೆಟ್ಟಿದ್ದರೆ ಅರ್ಧ ಕೆಡಿಸಿದ್ದು ಈ ಗಿರಾಕಿಯೇ.

ಡ್ರೈವರ್ ಸಾಹೇಬರ ವಾಚಿಗೆ ಏನಾಯಿತು ಅಂದರೆ, ಅಂಗಡಿಯವರು ಒಳ್ಳೆಯ ಮನುಷ್ಯರು, ಡಬ್ಬಿ ತಡಕಾಡಿ ಬೇರೆ ಯಾವುದೋ ಒಂದು ಬಿಳಿ ಜನತಾ ಡಯಲ್ ಹುಡುಕಿ ಪುಕ್ಕಟೆ ಹಾಕಿಕೊಟ್ಟರು. ಕಾರ್ಖಾನೆಯದೇ, ಬಣ್ಣ ಮುಟ್ಟಿಲ್ಲ. ಬಿಲ್ಲಿನ ಹಿಂದೆ 'ಡಯಲ್ ಬೇರೆ ವಾಚಿನದು' ಎಂದು ಕೈಯಾರೆ ಬರೆದು ರುಜುವನ್ನೂ ಹಾಕಿದರು. ಯಜಮಾನರು ಈಗ ಅದನ್ನೇ ಕಟ್ಟುತ್ತಾರೆ. ಆದರೆ ನಾಲ್ಕರ ಪಕ್ಕ ಕಲೆ ಇಲ್ಲ.

ಅಶೋಕ ರಸ್ತೆ, ಎಂ.ಜಿ. ರಸ್ತೆ, ಬಿ.ಎಚ್. ರಸ್ತೆಯ ವಾಚಿನ ಅಂಗಡಿಯವರು ಮುಂದಿನ ಸಲ ಬಿಲ್ ಪುಸ್ತಕ ಛಾಪಿಸುವಾಗ ಅಡಿಯಲ್ಲಿ ಮೂರು ಗೆರೆ ಹೆಚ್ಚಿಗೆ ಹಾಕಿಸಲಿ: ಹಾಕಿದ ಭಾಗ, ಅದು ಎಲ್ಲಿಯದು, ಹಳೇದು ವಾಪಸ್ ಕೊಟ್ಟಿದೆ. ಪ್ರೆಸ್ಸಿನವರು ಮೂರು ಗೆರೆಗೆ ಬೇರೆ ಕಾಸು ಕೇಳುವುದಿಲ್ಲ.